ಕಾರ್ಡಿನಲ್ಲಿದ್ದ ಶಾಲೆ ನೆಲದ ಮೇಲೆ ಸಿಕ್ಕಿತು

ರೋಸೆನ್‌ವಾಲ್ಡ್ ಶಾಲೆಗಳು, ಅಂದರೆ ಸುಮಾರು ನೂರು ವರ್ಷದ ಹಿಂದೆ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಮಕ್ಕಳಿಗಾಗಿ ಎದ್ದ ಶಾಲೆಗಳು, ಎಲ್ಲಿದ್ದವು ಅಂತ ಮನೆಯಲ್ಲಿ ಕೂತು ಹುಡುಕೋಕೆ ಆಗಲ್ಲ ಎಂದು ಇಲ್ಲಿನ ಹಳಬರು ನನಗೆ ಹೇಳುತ್ತಲೇ ಇದ್ದರು. ಆಗುತ್ತದೆ. ಉತ್ತರ ಕೆರೊಲಿನಾದ ಪೂರ್ವ ಭಾಗದಲ್ಲಿ, ತಂಬಾಕು ಬೆಳೆಯುವ ಕೌಂಟಿಯೊಂದರಲ್ಲೇ (ಕೌಂಟಿ ಅಂದರೆ ಅಲ್ಲಿನ ಜಿಲ್ಲೆ) ಹತ್ತಕ್ಕೂ ಜಾಸ್ತಿ ಜಾಗ ಗುರುತಿಸಿದ್ದೇನೆ.

ಎಲ್ಲರ ಹಾಗೆ ನಾನೂ ಫಿಸ್ಕ್ ವಿಶ್ವವಿದ್ಯಾಲಯದಲ್ಲಿರುವ, ಈ ಶಾಲೆಗಳ ದಾಖಲೆ ಕಾರ್ಡುಗಳಿಂದಲೇ ಶುರು ಮಾಡಿದೆ. ಕಾರ್ಡಿನಲ್ಲಿ ಶಾಲೆಯ ಹೆಸರು, ಕೌಂಟಿ, ಎಕರೆ, ಎಷ್ಟು ಟೀಚರ್‌ಗಳ ಕಟ್ಟಡ, ಯಾರು ಎಷ್ಟು ದುಡ್ಡು ಕೊಟ್ಟರು ಎಲ್ಲಾ ಇದೆ. ರಸ್ತೆ ಮಾತ್ರ ಇಲ್ಲ. ಹಳೆಯ ಭೂಪಟದಲ್ಲಿ ಶಾಲೆಗೆ ಬಾವುಟದ ಗುರುತು ಇರುತ್ತದೆ ನಿಜ, ಆದರೆ ನನಗೆ ಬೇಕಾದ ಅರ್ಧದಷ್ಟು ಶಾಲೆ ಅದರಲ್ಲಿ ಇರಲಿಲ್ಲ. ಹಳೆಯ ಪತ್ರಿಕೆಗಳ ಚಂದಾಕ್ಕೆ ಸುಮಾರು 150 ಡಾಲರ್ ಸುರಿದೆ. ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಮಕ್ಕಳ ಶಾಲೆಯ ಸುದ್ದಿ ನನಗೆ ಸಿಕ್ಕಿದ್ದು ಒಂದೋ ಎರಡೋ ಸಾಲು. ಪೆಟ್ರೋಲು, ಪತ್ರಗಳ ನಕಲು ಎಲ್ಲಾ ಸೇರಿ ಒಂಬೈನೂರು ಡಾಲರ್ ದಾಟಿರಬೇಕು.

ದಾರಿ ಸಿಕ್ಕಿದ್ದು ಕಿಟಕಿಗಳಿಂದ. ಆ ಹಳ್ಳಿಗಳಲ್ಲಿ ಕರೆಂಟ್ ಇರಲಿಲ್ಲ. ಅದಕ್ಕೇ ತರಗತಿಯ ಸಾಲು ಕಿಟಕಿಗಳು ಪೂರ್ವಕ್ಕೋ ಪಶ್ಚಿಮಕ್ಕೋ ಇರಬೇಕು ಅಂತ, ಶಾಲೆಗಳಿಗೆ ಹಣ ಕೊಟ್ಟ ರೋಸೆನ್‌ವಾಲ್ಡ್ ನಿಧಿಯ ಕಟ್ಟಡ ನಕ್ಷೆಗಳಲ್ಲೇ ನಿಗದಿ ಮಾಡಿದ್ದರು. ರಸ್ತೆ ಹೇಗೇ ಓರೆಯಾಗಿರಲಿ, ಕಟ್ಟಡ ದಿಕ್ಕು ಬಿಡುತ್ತಿರಲಿಲ್ಲ. 1938ರ ವೈಮಾನಿಕ ಚಿತ್ರ ತೆರೆದು ನೋಡಿ: ಮನೆಗಳೆಲ್ಲಾ ರಸ್ತೆಗೆ ಮುಖ ಮಾಡಿರುತ್ತವೆ, ಒಂದು ಕಟ್ಟಡ ಮಾತ್ರ ಸೊಟ್ಟಗೆ ನಿಂತಿರುತ್ತದೆ. ಹತ್ತಿರದಲ್ಲಿ ಚರ್ಚ್ ಇದ್ದರೆ ಅಲ್ಲೇ ಗುರುತು ಹಾಕಿಕೊಳ್ಳಿ. ಆಮೇಲೆ ಜಮೀನು ಪತ್ರಗಳ ಸೂಚಿಯಲ್ಲಿ ಶಿಕ್ಷಣ ಮಂಡಳಿಗೆ ಹೋದ ಎರಡೆರಡು ಎಕರೆ ತುಂಡುಗಳನ್ನು ನೋಡಿ. ಎರಡು ಎಕರೆ ನಿಧಿಯ ನಿಯಮ. ಮಂಡಳಿ ವಾಪಸ್ ಮಾರಿದ ಪತ್ರಗಳನ್ನು 1954ರ ಬ್ರೌನ್ ತೀರ್ಪಿನ (ಕಪ್ಪು, ಬಿಳಿ ಮಕ್ಕಳಿಗೆ ಬೇರೆ ಬೇರೆ ಸರ್ಕಾರಿ ಶಾಲೆ ಕೂಡದು ಎಂದ ಸುಪ್ರೀಂ ಕೋರ್ಟ್ ತೀರ್ಪು) ನಂತರದ ಪುಸ್ತಕಗಳಲ್ಲಿ ಹುಡುಕಿ. ಚರ್ಚಿನವರ ಹತ್ತಿರ ಯಾವ ದಾಖಲೆ ಮೊದಲು ಕೇಳಬೇಕು ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರುತಗ್ಗು ಅಳೆದ ಚಿತ್ರ) ಕೂಡ ಪ್ರಯತ್ನಿಸಿದೆ. ರಾಜ್ಯದವರು ಪುಕ್ಕಟೆ ಕೊಡುತ್ತಾರೆ. ಆದರೆ ಈ ಶಾಲೆಗಳು ನಿಂತಿದ್ದದ್ದು ಇಟ್ಟಿಗೆ ಕಂಬಗಳ ಮೇಲೆ, ನೆಲದಲ್ಲಿ ಪಾಯದ ಗುರುತೇ ಉಳಿದಿಲ್ಲ. ಫೆಬ್ರವರಿ ಕೊನೆಯಲ್ಲಿ ಡ್ಯಾಫೊಡಿಲ್ ಹೂ ನೋಡಿಕೊಂಡು ಹೋಗೋದೇ ವಾಸಿ. ಕಾಡಿನ ನಡುವೆ ಅವು ಸಾಲಾಗಿ ಅರಳಿದ್ದರೆ ಹಿಂದೆ ಯಾರೋ ಅಂಗಳ ಮಾಡಿದ್ದರು ಎಂದೇ ಅರ್ಥ.

ಒಂದು ಕಡೆ ಕಟ್ಟಡವೇ ಸಿಕ್ಕಿತು. ಈಗ ಒಳಗೆ ಹುಲ್ಲಿನ ಸುರುಳಿಗಳು. ಪಶ್ಚಿಮದ ಗೋಡೆಗೆ ತಗಡು ಬಡಿದಿದ್ದರು. ಮಾಲೀಕರು ಒಂದು ಹಾಳೆ ಸರಿಸಿದರು. ಕೆಳಗೆ ಕಿಟಕಿ ಚೌಕಟ್ಟು ಹಾಗೇ ಇತ್ತು, ಮೇಲಿನ ಅರ್ಧದಲ್ಲಿ 9 ಗಾಜಿನ ಚೌಕ, ಕೆಳಗಿನದರಲ್ಲಿ 9. ಚರ್ಚಿನ ಒಬ್ಬ ಅಜ್ಜಿ ಬಂದು ತಾನು ಕೂರುತ್ತಿದ್ದ ಜಾಗ ತೋರಿಸಿದರು.

ಇದನ್ನೆಲ್ಲಾ ನಾನು ಯಾಕೆ ಮಾಡುತ್ತೇನೆ ಅಂದರೆ ಕಾರ್ಡಿನ ಆ ದುಡ್ಡಿನ ಸಾಲು. ಕಪ್ಪು ಜನರ ಶಿಕ್ಷಣಕ್ಕೆ ದುಡಿದ ನಾಯಕ ಬುಕರ್ ಟಿ. ವಾಷಿಂಗ್ಟನ್ ಹೇಳಿ, ಸಿಯರ್ಸ್ ಎಂಬ ವ್ಯಾಪಾರ ಕಂಪನಿಯ ಜೂಲಿಯಸ್ ರೋಸೆನ್‌ವಾಲ್ಡ್ ಹಣ ಕೊಟ್ಟು, 1912ರಿಂದ 1932ರವರೆಗೆ 15 ರಾಜ್ಯಗಳಲ್ಲಿ ಹತ್ತಿರ ಹತ್ತಿರ 5,000 ಶಾಲೆ ಎದ್ದವು. ನಿಧಿ ಕೊಟ್ಟದ್ದು ಸುಮಾರು 43 ಲಕ್ಷ ಡಾಲರ್. ಕಪ್ಪು ಸಮುದಾಯ ಕೊಟ್ಟದ್ದು ಸುಮಾರು 47 ಲಕ್ಷ. ಶಾಲೆಗೆ ಅಂತ ತೆರಿಗೆಯನ್ನೂ ಕಟ್ಟಿ, ಮೇಲೆ ಇದನ್ನೂ ಕೊಟ್ಟರು. ಹಣ ಇಲ್ಲದವರು ಮರ ಕಡಿದು ಕೊಟ್ಟರು, ಮೈಮುರಿದು ದುಡಿದರು. ದಾನಿಯ ಹೆಸರಷ್ಟೇ ಉಳಿದಿದೆ. ಅದು ನನಗೆ ಸರಿಕಾಣಲ್ಲ.

ಆ ಹುಲ್ಲಿನ ಕಟ್ಟಡದ ಛಾವಣಿ ಸೋರುತ್ತಿದೆ. ಮಾಲೀಕರು ರಿಪೇರಿಗೆ ಒಪ್ಪಿದ್ದಾರೆ, ಚರ್ಚಿನವರು ಚಂದಾ ಎತ್ತುತ್ತಿದ್ದಾರೆ. ನಾನು ಪಕ್ಕದ ಕೌಂಟಿಯ ಕಾರ್ಡುಗಳನ್ನು ಶುರು ಮಾಡಿದ್ದೇನೆ.