ಹಳೇ ವಾಚು ಕೊಳ್ಳೋ ಮುಂಚೆ ಹಿಂದಿನ ಮುಚ್ಚಳ ತೆಗೆಸಿ

ನನ್ನ ಮೊದಲ ಹಳೇ ವಾಚು ಫಳಫಳ ಹೊಳೆಯುತ್ತಿತ್ತು. ನಾನು ಯಾಮಾರಿದ್ದು ಅಲ್ಲೇ.

ಎಚ್‌ಎಂಟಿ ಪೈಲಟ್. ಕಿತ್ತಳೆ ಡಯಲ್, ಹಸಿರು ಅಂಕಿ. ಆನ್‌ಲೈನಲ್ಲಿ 1,400 ರೂಪಾಯಿ ಕೊಟ್ಟು ತರಿಸಿದ್ದೆ. ಬೆಲ್ಟ್ ಹಾಕಿಸೋಣ ಅಂತ ಚಿಕ್ಕಮಗಳೂರಿನ ಮಾರ್ಕೆಟ್ ರೋಡಿನ ವಾಚ್ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಕಣ್ಣಿಗೆ ಗ್ಲಾಸು ಸಿಕ್ಕಿಸಿಕೊಂಡು ಒಂದೇ ಸಲ ನೋಡಿದರು. "ಏನಮ್ಮಾ, ಇದಕ್ಕೆ ಪೇಂಟ್ ಹೊಡೆದವರು ಯಾರು?" ಅಂದರು. ಆಮೇಲೆ ಆ ಗ್ಲಾಸನ್ನು ನನ್ನ ಕೈಗೆ ಕೊಟ್ಟರು. '17 ಜ್ಯುವೆಲ್ಸ್' ಅನ್ನೋ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಜಾತ್ರೆಯಲ್ಲಿ ಅವಸರಕ್ಕೆ ಹಾಕಿಸಿದ ಹಚ್ಚೆಯ ಹಾಗೆ ಬಣ್ಣ ಹರಡಿತ್ತು. ನಿಮಿಷದ ಗೆರೆಗಳಲ್ಲಿ ಎರಡು ಅಂಕಿಯ ಮೇಲೇ ಹತ್ತಿದ್ದವು.

ನಾನು ಕೆಲಸ ಮಾಡುವುದು ಕಾಫಿ ಕ್ಯೂರಿಂಗ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಡೆ. ಬೀಜದ ಬಣ್ಣ ನೋಡಿ ಮರುಳಾಗಬೇಡಿ, ಮೊದಲು ತೇವ ನೋಡಿ ಅಂತ ಹೊಸಬರಿಗೆ ದಿನಾ ಹೇಳುವವಳು ನಾನೇ. ವಾಚಿನ ವಿಷಯದಲ್ಲಿ ನಾನೇ ಬಣ್ಣಕ್ಕೆ ಬಿದ್ದೆ.

ಹಾಗಾಗಿ ಮೊದಲ ಮಾತು. ವಾಚಿಗಿಂತ ಮುಂಚೆ ಒಬ್ಬ ರಿಪೇರಿಯವರನ್ನು ಹುಡುಕಿಕೊಳ್ಳಿ. ಸೆಲ್ ಬದಲಾಯಿಸಿ ಕಳಿಸುವವರಲ್ಲ, ಕೀ ಕೊಡೋ ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸುವವರು. ಇಂಥವರು ನಮ್ಮ ಊರಲ್ಲಿ ಈಗ ಕೆಲವರೇ ಇದ್ದಾರೆ, ಅವರಿಗೂ ವಯಸ್ಸಾಗಿದೆ. ಸರ್ವಿಸ್‌ಗೆ ಎಷ್ಟಾಗುತ್ತೆ ಅಂತ ಮೊದಲೇ ಕೇಳಿ, ಆ ದುಡ್ಡನ್ನು ವಾಚಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.

ಮೊದಲನೆಯದು ಎಚ್‌ಎಂಟಿಯೇ ಇರಲಿ. ಹಳೇ ಸ್ವಿಸ್ ವಾಚಿನ ಆಸೆ ಸದ್ಯಕ್ಕೆ ಬೇಡ. ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಎಚ್‌ಎಂಟಿಯವರು ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ. 1978ರಲ್ಲಿ ತುಮಕೂರಿಗೂ ಕಾರ್ಖಾನೆ ಬಂತು. ವಾಚ್ ಕಂಪನಿ ಮುಚ್ಚಲು ಸರ್ಕಾರ ಒಪ್ಪಿದ್ದು 2016ರಲ್ಲಿ. ಅಷ್ಟು ವರ್ಷ ರಾಶಿ ರಾಶಿ ಮಾಡಿದ್ದರಿಂದ ಬಿಡಿಭಾಗ ಸಿಗುತ್ತೆ. ಎಚ್‌ಎಂಟಿಯ ಜನತಾ, ಪೈಲಟ್ ಎರಡೂ ಮಾಡೆಲ್‌ಗಳ ಒಳಗೆ ಸಾಮಾನ್ಯವಾಗಿ ಇರುವುದು 0231 ಅನ್ನೋ ಒಂದೇ ಮೆಷಿನ್. ನಮ್ಮ ಹಿರಿಯರು ಅದನ್ನು ಕಣ್ಣು ಮುಚ್ಚಿಕೊಂಡೇ ಬಿಚ್ಚುತ್ತಾರೆ. 17 ಜ್ಯುವೆಲ್ಸ್ ಅಂದ ಕೂಡಲೇ ಒಡವೆ ಅಂದುಕೊಳ್ಳಬೇಡಿ. ಚಕ್ರದ ಕಡ್ಡಿಗಳು ತಿರುಗುವ ಕಡೆ ಸವೆಯದಿರಲಿ ಅಂತ ಕೂರಿಸಿದ ಕೃತಕ ಮಾಣಿಕ್ಯದ ಚೂರುಗಳು ಅವು.

ಅಂಗಡಿ ಸುತ್ತುವ ಮುಂಚೆ ನೆಂಟರ ಮನೆ ಟ್ರಂಕುಗಳನ್ನು ವಿಚಾರಿಸಿ. ಆಗಿನ ಮದುವೆಗಳಲ್ಲಿ ವರೋಪಚಾರಕ್ಕೆ ವಾಚು ಇಲ್ಲದಿದ್ದರೆ ನಡೆಯುತ್ತಿತ್ತಾ? ಎಚ್‌ಎಂಟಿ ಕಾಂಚನ್ ಬೇಕೇ ಬೇಕು ಅಂತ ಹಟ ಹಿಡಿದ ಗಂಡುಗಳ ಕಥೆ ನಮ್ಮ ಮನೆಯಲ್ಲೂ ಇದೆ. ಆದರೆ ಕಾಂಚನ್ ಆಟೊಮ್ಯಾಟಿಕ್, ಅಂದರೆ ಕೈ ಅಲ್ಲಾಡಿದ ಹಾಗೆ ತಾನೇ ಕೀ ತುಂಬಿಕೊಳ್ಳುತ್ತೆ, ವಾರ ತಾರೀಕು ಎಲ್ಲಾ ಇರುತ್ತೆ. ಭಾಗ ಜಾಸ್ತಿ, ಕೆಟ್ಟರೆ ಖರ್ಚೂ ಜಾಸ್ತಿ. ಮೊದಲ ಸಲಕ್ಕೆ ಜನತಾ ಸಾಕು.

ನನ್ನ ಜನತಾ ಸಿಕ್ಕಿದ್ದು ಕೊಪ್ಪದ ಚಿಕ್ಕಪ್ಪನ ಬೀರುವಿನಲ್ಲಿ. ಬಿಳಿ ಡಯಲ್ ಕೆನೆ ಬಣ್ಣಕ್ಕೆ ತಿರುಗಿತ್ತು. ಗ್ಲಾಸಿನ ತುಂಬಾ ಗೀರು. ಆದರೆ ಅಕ್ಷರ ಒಂದೊಂದೂ ಚೂಪಾಗಿತ್ತು. ಗೀರು ದೊಡ್ಡ ವಿಷಯವಲ್ಲ. ಅದು ಪ್ಲಾಸ್ಟಿಕ್ ಜಾತಿಯ ಗ್ಲಾಸು, ಹತ್ತಿ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಸಣ್ಣಪುಟ್ಟದ್ದು ಹೋಗುತ್ತೆ.

ಮಲೆನಾಡಿನ ವಾಚಿನಲ್ಲಿ ಹೆದರಬೇಕಾದ್ದು ತೇವಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ವಾಚು ಎಷ್ಟು ಮಳೆಗಾಲ ಕಂಡಿರುತ್ತೆ ನೋಡಿ. ಹಿರಿಯರು ಮುಚ್ಚಳ ತೆಗೆದು ಮೊದಲು ನೋಡಿದ್ದು ಕೀ ಒಳಗೆ ಹೋಗುವ ಜಾಗವನ್ನು. ನೀರು ನುಗ್ಗುವುದು ಅಲ್ಲೇ. ಕೀ ಕಡ್ಡಿಯ ಬುಡದಲ್ಲಿ ಅಡಿಕೆ ಚೊಗರಿನ ಬಣ್ಣದ ಸಣ್ಣ ಕಲೆ ಇತ್ತು. ಅವರು ಚಿಮಟದ ತುದಿಯಿಂದ ಕೆರೆದರು, ಕಲೆ ಪುಡಿಯಾಗಿ ಉದುರಿತು, ಕೆಳಗಿನ ಲೋಹ ಬೆಳ್ಳಗೆ ಕಂಡಿತು. "ಮೇಲಿಂದು ಅಷ್ಟೇ, ಬರುತ್ತೆ" ಅಂದರು. ತುಕ್ಕು ಚಕ್ರದ ಹಲ್ಲಿಗೂ ಸ್ಪ್ರಿಂಗಿಗೂ ಇಳಿದಿದ್ದರೆ ನಾನು ಅದನ್ನು ಸುಮ್ನೆ ನೆನಪಿಗೆ ಇಟ್ಟುಕೊಳ್ಳಬೇಕಿತ್ತು, ಕಟ್ಟಿಕೊಳ್ಳೋಕೆ ಅಲ್ಲ.

ಮುಚ್ಚಳ ತೆಗೆದಾಗಲೇ ಬ್ಯಾಲೆನ್ಸ್ ಚಕ್ರವನ್ನೂ ನೋಡಿ. ಅತ್ತಿಂದಿತ್ತ ತೂಗುವ ಚಕ್ರ ಅದು. ಈ ಮೆಷಿನ್ನಿನಲ್ಲಿ ಗಂಟೆಗೆ 18,000 ಸಲ ಟಿಕ್ ಅನ್ನುತ್ತೆ. ಕೀ ಕೊಟ್ಟಾಗ ಉಯ್ಯಾಲೆಯ ಹಾಗೆ ಧಾರಾಳವಾಗಿ ತೂಗಬೇಕು. ತೆವಳುತ್ತಿದ್ದರೆ ಎಣ್ಣೆ ಒಣಗಿದೆ ಅಂತ. ಸರ್ವಿಸ್ ಮಾಡಿಸಿದರೆ ಸರಿಹೋಗಬಹುದು, ಅದಕ್ಕೆ ತಕ್ಕಂತೆ ಬೆಲೆ ಇಳಿಸಿ ಕೇಳಿ. ಮೆಷಿನ್ ಮೇಲೆ ಎಚ್‌ಎಂಟಿ ಅಂತ ಇದೆಯಾ, ಅದೂ ನೋಡಿಕೊಳ್ಳಿ.

ಉಳಿದ ಪರೀಕ್ಷೆ ನೀವೇ ಮಾಡಬಹುದು. ನಿಂತಿರುವ ವಾಚಿಗೆ ನಾಲ್ಕೈದು ಸುತ್ತು ಕೀ ಕೊಡಿ, ಅಲ್ಲಾಡಿಸದೆ ತಾನೇ ಶುರುವಾಗಬೇಕು. ಕೀ ಎಳೆದು ಟೈಮ್ ಬದಲಿಸುವಾಗ ಮುಳ್ಳುಗಳು ಸಡಿಲವಾಗಿ ಜಾರಬಾರದು. ಪೂರ್ತಿ ಕೀ ಕೊಟ್ಟರೆ ಒಂದೂವರೆ ದಿನವಾದರೂ ಓಡಬೇಕು. ಮೊಬೈಲ್ ಟೈಮಿಗೆ ಹೊಂದಿಸಿ ಮರುದಿನ ನೋಡಿ. ಒಂದೆರಡು ನಿಮಿಷ ಆಚೆ ಈಚೆ ಆದರೆ ತಕರಾರು ಬೇಡ, ಇಷ್ಟು ವಯಸ್ಸಿಗೆ ನಮಗೂ ಅಷ್ಟು ಆಗುತ್ತೆ. ಹತ್ತಾರು ನಿಮಿಷ ಮುಂದೆ ಓಡಿದರೆ ಅದಕ್ಕೆ ಅಯಸ್ಕಾಂತ ತಗುಲಿರಬಹುದು. ರಿಪೇರಿಯವರ ಹತ್ತಿರ ಅದನ್ನು ತೆಗೆಯುವ ಸಣ್ಣ ಮೆಷಿನ್ ಇದ್ದರೆ ಕ್ಷಣದ ಕೆಲಸ.

ಆನ್‌ಲೈನಲ್ಲೇ ಕೊಳ್ಳುತ್ತೀರಾ? ಮೆಷಿನ್ನಿನ ಫೋಟೋ ಕೇಳಿ. ಕಳಿಸಲು ಮೀನ ಮೇಷ ಎಣಿಸಿದರೆ ಅಲ್ಲಿಗೇ ಬಿಡಿ.

ಮಳೆಗಾಲದಲ್ಲಿ ನಾನು ಜನತಾವನ್ನು ಕಾಫಿ ಸ್ಯಾಂಪಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ. ಅಕ್ಕಿಯಲ್ಲಿ ಹೂತಿಡಬೇಡಿ, ಹಿಟ್ಟಿನ ಧೂಳು ಒಳಗೆ ಹೋಗುತ್ತೆ. ಕೀಯನ್ನು ದಿನಾ ಒಂದೇ ಹೊತ್ತಿಗೆ ಕೊಟ್ಟು, ಬಿಗಿ ಅನ್ನಿಸಿದ ತಕ್ಷಣ ನಿಲ್ಲಿಸಿ. ನನಗಂತೂ ಮರೆಯುವ ಹಾಗೇ ಇಲ್ಲ. ಬೆಳಗ್ಗೆ ಏಳಕ್ಕೆ ಸರಿಯಾಗಿ ಚಿಕ್ಕಪ್ಪನ ಫೋನ್ ಬರುತ್ತೆ. ಹೇಗಿದ್ದೀಯಾ ಅಂತಲೂ ಕೇಳಲ್ಲ. "ಕೀ ಕೊಟ್ಟೆಯೇನೇ?"