ಟ್ರೌಟ್‌ಗೆ ಗಾಳ ಬೀಸುವ ಮುಂಚೆ ಕಲ್ಲು ಎತ್ತಿ ನೋಡಿ

ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯಲು ಹೋದಾಗ ಹೊಳೆ ಕಂಡ ಕೂಡಲೇ ನೀರಿಗೆ ಇಳಿಯಬೇಡಿ. ಮೊದಲೆರಡು ವರ್ಷ ನಾನು ಮಾಡಿದ್ದು ಅದನ್ನೇ. ಸೀದಾ ಮೊಣಕಾಲುದ್ದ ನೀರಿಗೆ ಇಳಿದು ನಡುಹೊಳೆಗೆ ಗಾಳ ಬೀಸುತ್ತಿದ್ದೆ. ಮೀನು ಇದ್ದದ್ದು ನಾನು ತುಳಿದುಕೊಂಡು ಬಂದ ಅಂಚಿನಲ್ಲೇ!

ಈಗ ಅರ್ಧ ಗಂಟೆ ಸುಮ್ನೆ ಕೂತು ನೋಡುತ್ತೇನೆ. ನೀರಿಗೆ ಥರ್ಮಾಮೀಟರ್ ಅದ್ದುತ್ತೇನೆ. 10ರಿಂದ 16 ಡಿಗ್ರಿ ಸೆಲ್ಸಿಯಸ್ ಇದ್ದರೆ ಟ್ರೌಟ್ ಚೆನ್ನಾಗಿ ತಿನ್ನುತ್ತದೆ. 20 ದಾಟಿದರೆ ಗಾಳ ಮಡಚಿಡಿ. ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನನ್ನು ಬಿಟ್ಟರೂ ಸಾಯಬಹುದು. ಬೆಟ್ಟದ ನೀರು ಬೆಳಗ್ಗೆ ಕೊರೆಯುತ್ತಿರುತ್ತದೆ, ಹಾಗಾಗಿ ನಸುಕಿಗೇ ಓಡಬೇಕಾಗಿಯೂ ಇಲ್ಲ.

ಆಮೇಲೆ ಒಂದೆರಡು ಕಲ್ಲು ಮಗುಚಿ ನೋಡಿ. ಅಡಿಯಲ್ಲಿ ಮೇಫ್ಲೈ ಅನ್ನುವ ಹಾರುವ ಕೀಟದ ಮರಿಗಳು, ಮರಳು ಕಡ್ಡಿ ಅಂಟಿಸಿಕೊಂಡು ಗೂಡು ಮಾಡಿಕೊಂಡ ಕ್ಯಾಡಿಸ್ ಹುಳುಗಳು ಸಿಗುತ್ತವೆ. ಅದೇ ಗಾತ್ರ, ಅದೇ ಬಣ್ಣದ ಫ್ಲೈ (ಗರಿ, ದಾರ ಸುತ್ತಿ ಹುಳದಂತೆ ಮಾಡಿದ ಗಾಳ) ಆರಿಸಿ. ನೀರ ಮೇಲೆ ಮೀನು ಬಾಯಿ ಹಾಕುವುದು ಕಾಣದಿದ್ದರೆ ನಿಂಫ್ ಕಟ್ಟಿ, ಅಂದರೆ ಹುಳದ ಮರಿಯಂತಿರುವ, ಮುಳುಗುವ ಫ್ಲೈ. ಟ್ರೌಟ್ ಜಾಸ್ತಿ ತಿನ್ನುವುದು ನೀರಿನಡಿಯಲ್ಲೇ.

9 ಅಡಿ ರಾಡ್ (ಗಾಳದ ಕೋಲು), 5 ನಂಬರ್ ಲೈನ್ (ನಂಬರ್ ಹೇಳುವುದು ಲೈನಿನ ತೂಕ), 9 ಅಡಿ ಲೀಡರ್ (ಲೈನಿನ ತುದಿಗೆ ಫ್ಲೈ ಸೇರಿಸುವ ತೆಳು ದಾರ) ಸಾಕು. ಗಂಟು ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣ ದಾರ ಉಜ್ಜಿ ಬಿಸಿಯಾದರೆ ಅಲ್ಲೇ ತುಂಡಾಗುತ್ತದೆ.

ಫ್ಲೈಗೆ ತೂಕ ಇಲ್ಲವೆನ್ನುವಷ್ಟು ಕಡಿಮೆ, ಅದನ್ನು ಹೊತ್ತೊಯ್ಯುವುದು ಲೈನಿನ ತೂಕ. ಹಿಂದಕ್ಕೆ ಬೀಸಿ ಲೈನ್ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆಯಿರಿ, ಆಮೇಲೆ ಮುಂದಕ್ಕೆ. ಅವಸರ ಮಾಡಿದರೆ ಚಾಟಿಯಂತೆ ಚಟ್ ಅನ್ನುತ್ತದೆ, ಫ್ಲೈ ಕಿತ್ತು ಹೋಗುತ್ತದೆ. ಟೋಪಿ ಮರೆಯಬೇಡಿ. ನನ್ನ ಟೋಪಿಯಲ್ಲಿ ಮೂರು ತೂತಿವೆ, ಮೂರೂ ನಾನೇ ಮಾಡಿದ್ದು.

ಟ್ರೌಟ್ ಸೆಳವಿಗೆ ಮುಖ ಮಾಡಿ ನಿಂತಿರುತ್ತದೆ. ನೀವು ಕೆಳಗಿನಿಂದ ಮೇಲಕ್ಕೆ, ಅದರ ಬೆನ್ನ ಹಿಂದಿನಿಂದ ಹೋಗಿ. ಬಂಡೆಯ ಪಕ್ಕ ಜೋರು ನೀರು ನಿಧಾನದ ನೀರಿಗೆ ತಾಗುವ ಗೆರೆ ಕಾಣುತ್ತದಲ್ವಾ, ಅಲ್ಲಿ ಬೀಸಿ.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಮುಂದಿನದು. ಫ್ಲೈ ನಿಧಾನದ ನೀರಲ್ಲಿ ಬೀಳುತ್ತದೆ, ಲೈನ್ ನಡುವಿನ ಜೋರು ನೀರಲ್ಲಿ. ಲೈನ್ ಹೊಟ್ಟೆ ಬಿಟ್ಟು ಫ್ಲೈಯನ್ನು ದರದರ ಎಳೆಯುತ್ತದೆ. ನಿಜವಾದ ಹುಳ ಹಾಗೆ ಓಡುವುದಿಲ್ಲ, ಮೀನಿಗೆ ಅದು ಗೊತ್ತು. ಲೈನ್ ಬಿದ್ದ ತಕ್ಷಣ ರಾಡಿನ ತುದಿಯಿಂದ ಅದರ ನಡುಭಾಗವನ್ನು ಎತ್ತಿ ಮೇಲ್ಸೆಳವಿನ ಕಡೆ ಹಾಕಿ. ಫ್ಲೈ ಪಕ್ಕದ ನೊರೆಯ ಜೊತೆಗೇ ತೇಲಬೇಕು. ನೊರೆಗಿಂತ ಮುಂದೆ ಓಡಿದರೆ ಮತ್ತೆ ಬೀಸಿ. ಒಂದು ಮಧ್ಯಾಹ್ನವಿಡೀ ಒಂದೇ ಬಂಡೆಯ ಮುಂದೆ ಇದನ್ನೇ ಮಾಡಿದ್ದೇನೆ. ಸಿಕ್ಕಿದ್ದು ಒಂದು ಗೇಣುದ್ದದ ಮೀನು.

ನಡುವೆ ನೀರು ಕದಡಿ ಕೆಂಪಾದರೆ ಮೇಲೆಲ್ಲೋ ಮಳೆ ಬಿದ್ದಿದೆ ಅಂತ. ತಕ್ಷಣ ದಂಡೆ ಹತ್ತಿ.

ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿಟ್ಟಿದ್ದರೆ ಬಿಡಿಸುವುದು ಸುಲಭ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಸೆಳವಿಗೆ ಮುಖ ಮಾಡಿಸಿ ನೀರಲ್ಲೇ ಹಿಡಿದಿರಿ. ಮೀನೇ ಬಾಲ ಬೀಸಿ ನಿಮ್ಮ ಕೈ ತಳ್ಳಿದಾಗ ಬಿಡಿ. ಆ ಗುಂಡಿ ಈಗ ಬೆದರಿರುತ್ತದೆ, ಮೇಲಿನ ಗುಂಡಿಗೆ ನಡೆಯಿರಿ.