ಹೊಸ ಆಮೆಗೆ ಹುಷಾರಿಲ್ಲವೋ, ಬರೀ ಹೆದರಿಕೆಯೋ?

ಹೊಸದಾಗಿ ತಂದ ರೆಡ್ ಇಯರ್ಡ್ ಸ್ಲೈಡರ್ (ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ನೀರಾಮೆ) ಆಮೆಯನ್ನು ಮೇಲಿಂದ ನೋಡಬೇಡಿ, ತೊಟ್ಟಿಯ ಗಾಜಿನ ಮಟ್ಟಕ್ಕೆ ಬಗ್ಗಿ ಪಕ್ಕದಿಂದ ನೋಡಿ: ತೇಲುವಾಗ ಚಿಪ್ಪು ಒಂದು ಕಡೆ ವಾಲಿದ್ದರೆ, ಮುಳುಗಲು ಹೋಗಿ ಮತ್ತೆ ಮತ್ತೆ ಮೇಲೆ ಬಂದರೆ, ನ್ಯುಮೋನಿಯಾ ಇರಬಹುದು, ಅದೇ ದಿನ ಡಾಕ್ಟರಿಗೆ ತೋರಿಸಿ. ಆಮೆ ನೀರಲ್ಲಿ ಸಮವಾಗಿ ತೇಲುವುದು ಶ್ವಾಸಕೋಶದ ಗಾಳಿಯಿಂದ. ಒಂದು ಬದಿಯಲ್ಲಿ ಕಫ ಕಟ್ಟಿದರೆ ಆ ಕಡೆ ತಗ್ಗುತ್ತದೆ. ಮೂಗಲ್ಲಿ ಗುಳ್ಳೆ, ಬಾಯಿ ತೆರೆದು ಉಸಿರಾಟ ಇದ್ದರಂತೂ ಕಾಯಲೇಬೇಡಿ. ಆದರೆ ಹೊಟ್ಟೆಯಲ್ಲಿ ಗ್ಯಾಸ್ ತುಂಬಿದರೂ ವಾಲುತ್ತದೆ, ಹಾಗಾಗಿ ಎಕ್ಸ್‌ರೇ ಆಗುವ ಮೊದಲು ಯಾರೋ ಹೇಳಿದ ಆಂಟಿಬಯಾಟಿಕ್ ಕೊಡಬೇಡಿ. ಎರಡೂ ಕಡೆ ಸೋಂಕಿದ್ದರೆ ವಾಲದೆಯೂ ಇರಬಹುದು. ಅದಕ್ಕೇ ವಾರಕ್ಕೊಮ್ಮೆ, ಊಟಕ್ಕೆ ಮೊದಲು, ಮೈ ಒರೆಸಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ; 200 ಗ್ರಾಂ ಇದ್ದದ್ದು 180ಕ್ಕೆ ಇಳಿದರೆ ತಡಮಾಡಬೇಡಿ. ಮೊದಲ ಕೆಲವು ದಿನ ಸರಿಯಾಗಿ ತಿನ್ನದಿರುವುದು, ಜನ ಕಂಡೊಡನೆ ನೀರಿಗೆ ಧುಮುಕುವುದು ಬರೀ ಹೆದರಿಕೆ. ತೊಟ್ಟಿಯ ಮೂರು ಬದಿಗೆ ಕಾಗದ ಅಂಟಿಸಿ, ಎತ್ತಿ ಆಡಿಸುವುದನ್ನು ಬಿಡಿ. ಪುಣೆಯವರಿಗೆ ಇನ್ನೊಂದು ಮಾತು: ಡಿಸೆಂಬರ್-ಜನವರಿಯಲ್ಲಿ ನೀರು 20 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಮುಟ್ಟಾದ ಆಮೆಯೂ ಊಟ ಬಿಡುತ್ತದೆ. ಹೀಟರ್ ಹಾಕಿ 26ಕ್ಕೆ ತಂದು ಎರಡು ದಿನ ನೋಡಿ, ಆಮೇಲೆ ಗಾಬರಿಯಾಗಿ. ಕಣ್ಣು ಊದಿ ಮುಚ್ಚಿದ್ದರೆ ಮಾತ್ರ ಚಳಿಯನ್ನು ದೂರಬೇಡಿ. ಹೆಚ್ಚಾಗಿ ಅದು ಬರೀ ಒಣ ಸಿಗಡಿ ತಿನ್ನಿಸಿ ಆದ ವಿಟಮಿನ್ ಎ ಕೊರತೆ. ಇದೆಲ್ಲ ನೀರಾಮೆಗೆ. ನೆಲದ ಮೇಲೆ ಬದುಕುವ ನಕ್ಷತ್ರ ಆಮೆಯನ್ನು ಸಾಕುವುದೇ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಯಾರಾದರೂ ಕೊಟ್ಟರೆ ಅರಣ್ಯ ಇಲಾಖೆಗೆ ತಿಳಿಸಿ.